ಪರವಾನಗಿ ಇಲ್ಲದ ರೇಸು

2008ರ ಮಾರ್ಚ್ 16ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ‘ಫೋರ್ಸ್ ಇಂಡಿಯಾ’ ಎಂಬ ತಂಡ ಮೊದಲ ಸಲ ಫಾರ್ಮುಲಾ ಒನ್ ರೇಸಿಗೆ ಇಳಿಯಿತು. ಹಿಂದಿನ ವರ್ಷದ ಕೊನೆಗೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಡಚ್ ಪಾಲುದಾರರ ಜೊತೆಗೂಡಿ ಸ್ಪೈಕರ್ ತಂಡವನ್ನು ಕೊಂಡು ಈ ಹೆಸರಿಟ್ಟಿದ್ದರು. ಕಾರಿನ ಹೆಸರು ವಿಜೆಎಂ 01. ಓಡಿಸಿದವರು ಇಟಲಿಯ ಫಿಸಿಕೆಲ್ಲಾ ಮತ್ತು ಜರ್ಮನಿಯ ಸುಟಿಲ್. ಕಾರು ಹಿಂದಿನ ಸಾಲುಗಳಲ್ಲೇ ಓಡಿದರೂ ಅದರ ಒಡೆಯ ಕರ್ನಾಟಕದವರು ಎಂಬುದೊಂದೇ ಸಾಕಾಗಿತ್ತು. ಅಲ್ಲಿಯತನಕ ಶೂಮಾಕರ್‌ನ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಮ್ಮ ಊರುಗಳ ಹುಡುಗರು ಕೂಡ ಭಾನುವಾರ ಟೀವಿಯ ಮುಂದೆ ಕೂತರು.

ಟೀವಿಯಲ್ಲಿ ನೋಡಿದ ಕಾರನ್ನು ಕಂಪ್ಯೂಟರಿನಲ್ಲಿ ಓಡಿಸಬೇಕೆಂದವನು ಬೆಳಗಾವಿಯ ತಿಲಕವಾಡಿಯವನಿರಲಿ, ಖಾನಾಪುರದವನಿರಲಿ, ಖುದ್ದು ಲಂಡನ್ನಿನವನೇ ಇರಲಿ, ಅವನ ಮುಂದೆ ಒಂದೇ ದಾರಿ ಇತ್ತು. ಆ ಕಾರು ಇದ್ದ ಅಧಿಕೃತ ಆಟ ಕಂಪ್ಯೂಟರಿಗೂ ಇರಲಿಲ್ಲ, ಪ್ಲೇಸ್ಟೇಷನ್‌ಗೂ ಇರಲಿಲ್ಲ. ಕಿಮಿ ರೈಕೊನೆನ್ ಒಂದೇ ಅಂಕದ ಅಂತರದಲ್ಲಿ ಚಾಂಪಿಯನ್ ಆದ 2007ರ ಸೀಸನ್ನಿಗೂ, ಬ್ರೆಜಿಲ್‌ನ ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಕಿರೀಟ ಗೆದ್ದ 2008ಕ್ಕೂ ಅಧಿಕೃತ ಆಟವಿಲ್ಲ. ಅವೆರಡನ್ನೂ ಕಂಪ್ಯೂಟರಿನೊಳಗೆ ಕಟ್ಟಿದವರು ಸಂಬಳವಿಲ್ಲದ, ಪರವಾನಗಿಯೂ ಇಲ್ಲದ ಅಭಿಮಾನಿಗಳು. ಅವರು ಕಟ್ಟಿದ್ದಕ್ಕೆ ‘ಮಾಡ್’ ಎನ್ನುತ್ತಾರೆ. ಇರುವ ಆಟದೊಳಕ್ಕೆ ಹೊಸ ಕಾರು, ಹೊಸ ಟ್ರ್ಯಾಕ್, ಹೊಸ ಸೀಸನ್ ಸೇರಿಸುವ ಫೈಲುಗಳ ಗಂಟು ಅದು. ಆ ಗಂಟಿನ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಕೀಲರ ಪತ್ರದ ನೆರಳು ಬಿದ್ದಿದೆ. ಆ ನೆರಳು ಹೇಗೆ ಬಿತ್ತು, ನಮ್ಮ ನೆಲದ ಕಾನೂನಿನಲ್ಲಿ ಅದಕ್ಕೆ ಎಷ್ಟು ಬಲವಿದೆ ಎಂಬುದನ್ನು ಮೊದಲಿನಿಂದ ಹೇಳಬೇಕು.

ಶುರು ಮಾಡಲು 1998 ಸರಿಯಾದ ವರ್ಷ. ಬೆಳಗಾವಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದದ್ದು ಅದೇ ವರ್ಷ. ಅಮೆರಿಕದ ಪ್ಯಾಪಿರಸ್ ಎಂಬ ಸಣ್ಣ ಕಂಪನಿ ‘ಗ್ರ್ಯಾನ್ ಪ್ರಿ ಲೆಜೆಂಡ್ಸ್’ ಎಂಬ ಆಟ ತಂದದ್ದೂ ಅದೇ ವರ್ಷ. 1967ರ ಫಾರ್ಮುಲಾ ಒನ್ ಸೀಸನ್ನನ್ನು ಟೈರಿನ ಜಾರಾಟದವರೆಗೆ ಲೆಕ್ಕ ಹಾಕಿ ಕಟ್ಟಿದ ಆಟ ಅದು. ಲೋಟಸ್, ಫೆರಾರಿ, ಬ್ರಾಬಮ್, ಈಗಲ್, ಬಿಆರ್‌ಎಂ ಎಲ್ಲವೂ ಅದರಲ್ಲಿದ್ದವು. ಹೋಂಡಾ ಮತ್ತು ಕೂಪರ್ ಹೆಸರುಗಳಿಗೆ ಮಾತ್ರ ಪರವಾನಗಿ ಇರಲಿಲ್ಲ. ಹಾಗಾಗಿ ಹೋಂಡಾ ಕಾರು ‘ಮುರಾಸಾಮಾ’ ಎಂದು, ಕೂಪರ್ ಕಾರು ‘ಕವೆಂಟ್ರಿ’ ಎಂದು ಆಟದೊಳಗೆ ಓಡಿದವು. ಆಕಾರ ಅದೇ, ಓಟ ಅದೇ, ಹೆಸರು ಮಾತ್ರ ಸುಳ್ಳು. ಅಭಿಮಾನಿಗಳಿಗೆ ಇದು ಸಹ್ಯವಾಗಲಿಲ್ಲ. ಆಟದ ಫೈಲುಗಳನ್ನು ಬಿಚ್ಚಿ ನಿಜವಾದ ಹೆಸರುಗಳನ್ನು ಮರಳಿ ಬರೆದರು. ಮುಂದೆ ಅದೇ ಆಟದ ಮೇಲೆ 1965ರ ಕಾರುಗಳನ್ನೂ 1969ರ ಕಾರುಗಳನ್ನೂ ಕಟ್ಟಿದರು. ಪ್ಯಾಪಿರಸ್ ಇದನ್ನು ತಡೆಯಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲೇ ಅಮೆರಿಕದ ಅಧ್ಯಕ್ಷರು ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಆ್ಯಕ್ಟ್‌ಗೆ ಸಹಿ ಹಾಕಿದರು. ಡಿಎಂಸಿಎ ಎಂದು ಜಗತ್ತು ಕರೆಯುವ ಈ ಕಾಯ್ದೆಯ ಪ್ರಕಾರ ಹಕ್ಕುದಾರನೆಂದು ಹೇಳಿಕೊಳ್ಳುವವನು ಒಂದು ನೋಟಿಸ್ ಕಳಿಸಿದರೆ ಸಾಕು. ಫೈಲನ್ನು ಇಟ್ಟುಕೊಂಡ ಕಂಪನಿ ಮೊದಲು ಅದನ್ನು ತೆಗೆಯುತ್ತದೆ. ಸರಿ ತಪ್ಪಿನ ಮಾತು ಆಮೇಲೆ. ಮಾಡ್‌ಗಳ ಕಾಲವೂ ನೋಟಿಸ್‌ಗಳ ಕಾಲವೂ ಹೀಗೆ ಒಂದೇ ತಿಂಗಳ ಆಸುಪಾಸಿನಲ್ಲಿ ಹುಟ್ಟಿದವು.

ಮುಂದಿನ ನಾಲ್ಕೈದು ವರ್ಷ ಮಾಡ್‌ಗಳಿಗೆ ಒಳ್ಳೆಯ ಕಾಲ. ಇಎ ಸ್ಪೋರ್ಟ್ಸ್ ಹೊರತಂದ ‘ಎಫ್1 2002’ ಆಟವನ್ನು ಬರೆದದ್ದು ಇಮೇಜ್ ಸ್ಪೇಸ್ ಎಂಬ ಅಮೆರಿಕದ ಸಂಸ್ಥೆ. ಸ್ವೀಡನ್ನಿನ ಒಂದು ಅಭಿಮಾನಿ ಗುಂಪು ಆ ಆಟದ ಮೇಲೆ ಜಿಟಿ ಕಾರುಗಳ ಮಾಡ್ ಕಟ್ಟಿತು. ಮಾಡ್‌ನ ಹೆಸರು ‘ಜಿಟಿಆರ್ 2002’, ಗುಂಪಿನ ಹೆಸರು ಸಿಮ್‌ಬಿನ್. ಅದು ಎಷ್ಟು ಚೆನ್ನಾಗಿ ಮೂಡಿಬಂತೆಂದರೆ ಅದೇ ಗುಂಪು ಕಂಪನಿಯಾಯಿತು, ಎಫ್‌ಐಎ ಜಿಟಿ ಚಾಂಪಿಯನ್‌ಶಿಪ್‌ನ ಪರವಾನಗಿ ಪಡೆಯಿತು, 2004ರಲ್ಲಿ ‘ಜಿಟಿಆರ್’ ಎಂಬ ಸ್ವಂತ ಆಟವನ್ನೇ ಅಂಗಡಿಗೆ ತಂದಿತು. ಮುಂದೆ ಬ್ರೆಜಿಲ್‌ನ ರೈಝಾ ಸ್ಟುಡಿಯೋಸ್ ನಡೆದದ್ದೂ ಈ ದಾರಿಯಲ್ಲೇ. ಮಾಡ್ ಮಾಡುವುದು ಕಳ್ಳತನ ಎಂದು ಒಂದೇ ಉಸಿರಿನಲ್ಲಿ ಹೇಳುವವರಿಗೆ ನಾನು ಮೊದಲು ತೋರಿಸುವುದು ಈ ಉದಾಹರಣೆಯನ್ನು. ಇವತ್ತಿನ ರೇಸಿಂಗ್ ಆಟಗಳ ಉದ್ಯಮದ ಒಂದು ದೊಡ್ಡ ಪಾಲು ನಿನ್ನೆಯ ಮಾಡರ್‌ಗಳ ಕೈಯಿಂದ ಬಂದದ್ದು.

2003ರಲ್ಲಿ ಗಾಳಿ ಬದಲಾಯಿತು. ಇಎ ಆ ವರ್ಷ ‘ಎಫ್1 ಚಾಲೆಂಜ್ 99-02’ ಬಿಡುಗಡೆ ಮಾಡಿತು. ಕಂಪ್ಯೂಟರಿಗೆ ಅದೇ ಕೊನೆ. ಫಾರ್ಮುಲಾ ಒನ್ ಹಕ್ಕುಗಳು ಸೋನಿಯ ಪಾಲಾದವು. ಸೋನಿ ಆ ಆಟಗಳನ್ನು ತನ್ನ ಪ್ಲೇಸ್ಟೇಷನ್‌ಗೆ ಮಾತ್ರ ಮಾಡಿತು. ಕಂಪ್ಯೂಟರಿನವರಿಗೆ ಬಾಗಿಲು ಮುಚ್ಚಿತು. ಸೋನಿಯೂ 2006ರ ಸೀಸನ್ನಿನ ನಂತರ ಕೈಬಿಟ್ಟಿತು. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ 2008ರಲ್ಲಿ ಹಕ್ಕು ಕೊಂಡರೂ ಕಂಪ್ಯೂಟರಿಗೆ ‘ಎಫ್1 2010’ ಬರುವಷ್ಟರಲ್ಲಿ 2010ರ ಸೆಪ್ಟೆಂಬರ್ ಆಗಿತ್ತು. ಈ ಏಳು ವರ್ಷಗಳಲ್ಲಿ ಶೂಮಾಕರ್‌ನ ಕೊನೆಯ ಪ್ರಶಸ್ತಿ ಬಂತು, ಅಲೊನ್ಸೊನ ಎರಡು ಪ್ರಶಸ್ತಿಗಳು ಬಂದವು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡ ಸೇರಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯರಾದರು. 2009ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಫೋರ್ಸ್ ಇಂಡಿಯಾ ಕಾರನ್ನು ಪೋಲ್ ಪೊಸಿಷನ್ನಿಗೆ ತಂದು ಎರಡನೆಯವನಾಗಿ ಮುಗಿಸಿದ. ಇವುಗಳಲ್ಲಿ ಒಂದನ್ನೂ ಕಂಪ್ಯೂಟರಿನ ಅಧಿಕೃತ ಆಟ ಕಾಣಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ಅಭಿಮಾನಿಗಳು. ಇಮೇಜ್ ಸ್ಪೇಸ್ 2005ರಲ್ಲಿ ‘ಆರ್‌ಫ್ಯಾಕ್ಟರ್’ ಎಂಬ ಆಟ ತಂದಿತು. ಅದರ ಒಳಗಿದ್ದ ಟ್ರ್ಯಾಕ್‌ಗಳಿಗೆ ಬಹುಪಾಲು ಕಲ್ಪನೆಯ ಹೆಸರು. ಆದರೆ ಬಾಗಿಲು ತೆರೆದಿತ್ತು: ಕಾರಿನ ತೂಕ, ಸ್ಪ್ರಿಂಗಿನ ಬಿಗಿ, ಟೈರಿನ ಹಿಡಿತ, ಎಲ್ಲವೂ ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದಾದ ಫೈಲುಗಳಲ್ಲಿದ್ದವು. ಸಿಟಿಡಿಪಿ ಎಂಬ ಗುಂಪು 2005 ಮತ್ತು 2006ರ ಸೀಸನ್ನುಗಳನ್ನು ಕಟ್ಟಿದ ರೀತಿ ನೋಡಿದವರು ಅದನ್ನು ಹವ್ಯಾಸಿಗಳ ಕೆಲಸ ಎಂದು ನಂಬಲು ಕಷ್ಟಪಟ್ಟರು. ಪ್ರತಿ ರೇಸಿಗೆ ಬದಲಾದ ರೆಕ್ಕೆ, ಪ್ರತಿ ತಂಡದ ಸ್ಟಿಯರಿಂಗ್ ಚಕ್ರ, ಎಂಜಿನ್ನಿನ ಬೇರೆ ಬೇರೆ ಕೂಗು. ಅಧಿಕೃತ ಆಟಗಳು ಅಳಿಸುತ್ತಿದ್ದ ಸಿಗರೇಟು ಕಂಪನಿಗಳ ಹೆಸರುಗಳನ್ನೂ ಮಾಡರ್‌ಗಳು ಇದ್ದಲ್ಲೇ ಇಟ್ಟರು, ಏಕೆಂದರೆ ಆ ಕಾಲದ ಕಾರಿನ ಮೇಲೆ ಅವು ಇದ್ದವು. ಜಾಹೀರಾತು ಅವರ ಉದ್ದೇಶವಾಗಿರಲಿಲ್ಲ. ಕಂಡದ್ದನ್ನು ಕಂಡಂತೆ ದಾಖಲಿಸುವ ಹಟ.

ನಮ್ಮ ಕಡೆ ಇದು ತಲುಪುತ್ತಿದ್ದ ಬಗೆಯನ್ನೂ ಬರೆದಿಡಬೇಕು. 2005ರ ಆರಂಭದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಅದರ ಒಂದು ಜನಪ್ರಿಯ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕಿಲ್ಲ. ನೂರಾರು ಎಂಬಿಯ ಮಾಡ್‌ಗಳು ಬೆಳಗಾವಿಯ ಮನೆಗಳಿಗೆ ಬಂದದ್ದು ಆ ಆರು ತಾಸುಗಳಲ್ಲಿ. ಒಬ್ಬರ ಮನೆಯಲ್ಲಿ ಇಳಿದದ್ದು ಸೀಡಿಗೆ ಏರಿ, ಪೆನ್‌ಡ್ರೈವ್‌ಗೆ ಏರಿ, ಉದ್ಯಮಬಾಗದ ಗೋಗಟೆ ಕಾಲೇಜಿನಂಥ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ಲುಗಳಿಗೂ ಖಾನಾಪುರ ರಸ್ತೆಯ ಊರುಗಳಿಗೂ ಹೋಗುತ್ತಿತ್ತು. ಕರೆಂಟು ಹೋದರೆ ಅರ್ಧಕ್ಕೆ ನಿಂತ ಫೈಲನ್ನು ಮರುರಾತ್ರಿ ಮೊದಲಿನಿಂದ ಇಳಿಸಬೇಕು. ಆ ಹುಡುಗರಲ್ಲಿ ಹಲವರು ಕ್ಯಾಡ್ ತಂತ್ರಾಂಶ ಮುಟ್ಟಿದ್ದು ಸಿಲೆಬಸ್‌ಗಾಗಿ ಅಲ್ಲ, ಕಾರಿನ ಮೈ ಬಿಡಿಸುವುದಕ್ಕೆ. ಇದರಲ್ಲಿ ಇನ್ನೊಂದು ಮುಖವೂ ಉಂಟು. ಮೂಲ ಆಟದ ಡಿಸ್ಕನ್ನು ದುಡ್ಡು ಕೊಟ್ಟು ಕೊಂಡವರು ಆಗ ನಮ್ಮಲ್ಲಿ ತೀರ ಕಡಿಮೆ. ಆ ಸಂಗತಿ ಕಾನೂನಿನ ಮಾತು ಬಂದಾಗ ಮತ್ತೆ ಎದುರಾಗುತ್ತದೆ.

ಇಷ್ಟೆಲ್ಲ ನಡೆಯುವಾಗ ಕಾರು ಕಂಪನಿಗಳು ಏನು ಮಾಡುತ್ತಿದ್ದವು? ಎಲ್ಲರೂ ಕತ್ತಿ ಹಿಡಿದು ಬರಲಿಲ್ಲ. ಬಿಎಂಡಬ್ಲ್ಯು ಸೌಬರ್ ತಂಡ ತನ್ನ 2006ರ ಎಫ್1.06 ಕಾರನ್ನು ಆರ್‌ಫ್ಯಾಕ್ಟರ್‌ಗೆ ಅಧಿಕೃತವಾಗಿ ಕೊಟ್ಟು, ಆಡುವವರು ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿತು. ಕಾರಿನ ಹೆಸರು ಕೆಡಲಿಲ್ಲ, ಬೆಳೆಯಿತು. ಪೋರ್ಷೆಯ ದಾರಿ ಇದಕ್ಕೆ ಪೂರ್ತಿ ವಿರುದ್ಧ. 2000ದ ಸುಮಾರಿಗೆ ಅದು ಆಟಗಳಲ್ಲಿ ತನ್ನ ಕಾರು ಬಳಸುವ ಹಕ್ಕನ್ನು ಇಎ ಒಂದಕ್ಕೇ ಒಪ್ಪಿಸಿತು; ಆ ಒಪ್ಪಂದ 2016ರ ಕೊನೆಯವರೆಗೆ ನಡೆಯಿತು. ಅಷ್ಟು ವರ್ಷ ಬೇರೆ ಕಂಪನಿಗಳು ಇಎ ಬಳಿ ಉಪಪರವಾನಗಿ ಬೇಡಬೇಕಾಗಿತ್ತು. 2011ರಲ್ಲಿ ಮೈಕ್ರೋಸಾಫ್ಟ್‌ನಂಥ ದೈತ್ಯನ ‘ಫೋರ್ಜಾ ಮೋಟರ್‌ಸ್ಪೋರ್ಟ್ 4’ ಕೂಡ ಪೋರ್ಷೆ ಇಲ್ಲದೆ ಬಿಡುಗಡೆಯಾಗಬೇಕಾಯಿತು. ಕಾರುಗಳು ಸೇರಿದ್ದು ಮರುವರ್ಷ. ‘ಗ್ರ್ಯಾನ್ ಟುರಿಸ್ಮೊ’ ಅಷ್ಟೂ ಕಾಲ ಪೋರ್ಷೆಯ ಬದಲು ಜರ್ಮನಿಯ ರೂಫ್ ಕಂಪನಿಯ ಕಾರುಗಳನ್ನು ಇಟ್ಟುಕೊಂಡು ಸುಧಾರಿಸಿತು. ದೊಡ್ಡವರ ಗತಿಯೇ ಇದಾದರೆ ಮಾಡರ್‌ನ ಗತಿ ಊಹಿಸಿ. ಅವನು ಪೋರ್ಷೆಯ 911 ಕಾರನ್ನು ತನ್ನ ಕೈಯಿಂದ, ಫೋಟೋ ನೋಡಿಕೊಂಡು, ತಿಂಗಳುಗಟ್ಟಲೆ ಕೂತು ಬಿಡಿಸಿದ್ದಾನೆ. ಆದರೂ ಹೆಸರು ಹಾಕಲು ಅಂಜಿಕೆ. ಯುಆರ್‌ಡಿ ಎಂಬ ಮಾಡ್ ಗುಂಪು ತನ್ನ ಪೋರ್ಷೆಯಂಥ ಕಾರನ್ನು ‘ಡಾರ್ಶೆ’ ಎಂದು ಕರೆಯಿತು. ಮುರಾಸಾಮಾದ ಕಾಲದಲ್ಲಿ ಸುಳ್ಳು ಹೆಸರು ಕಂಪನಿಯ ಹೊರೆಯಾಗಿತ್ತು, ಅಭಿಮಾನಿ ಅದನ್ನು ಅಳಿಸುತ್ತಿದ್ದ. ಈಗ ಅಭಿಮಾನಿಯೇ ಸುಳ್ಳು ಹೆಸರು ಇಡುವ ಸ್ಥಿತಿ ಬಂತು.

ಕೋರ್ಟಿನ ಮೆಟ್ಟಿಲು ಹತ್ತಿದ ಪ್ರಕರಣ ಹುಟ್ಟಿದ್ದು ಪ್ಯಾಪಿರಸ್‌ನ ಚಿತೆಯ ಮೇಲೆ. ಅಮೆರಿಕದ ನ್ಯಾಸ್ಕಾರ್ ಸಂಸ್ಥೆ 2004ರಿಂದ ತನ್ನ ಹಕ್ಕುಗಳನ್ನು ಇಎಗೆ ಮಾತ್ರ ಕೊಟ್ಟಿತು. ಪ್ಯಾಪಿರಸ್ ಹೊರತಂದಿದ್ದ ‘ನ್ಯಾಸ್ಕಾರ್ ರೇಸಿಂಗ್ 2003 ಸೀಸನ್’ ಆ ಮಾಲಿಕೆಯ ಕೊನೆಯ ಆಟವಾಯಿತು, ಕಂಪನಿಯೂ ಮುಚ್ಚಿತು. ಆಟ ಅಂಗಡಿಯಿಂದ ಮಾಯವಾದರೂ ಆಡುವವರು ಬಿಡಲಿಲ್ಲ. ಹಳೆಯ ಪ್ರತಿಗಳಿಗೆ ಬೇಡಿಕೆ ಏರಿತು, ಪ್ರತಿ ವರ್ಷ ಹೊಸ ಬಣ್ಣದ ಕಾರು, ಹೊಸ ಟ್ರ್ಯಾಕ್ ಸೇರುತ್ತಾ ಹೋದವು. ಪ್ಯಾಪಿರಸ್ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಕೆಮ್ಮರ್, ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಒಡೆಯ ಜಾನ್ ಹೆನ್ರಿ ಅವರ ಜೊತೆ 2004ರಲ್ಲಿ ಹೊಸ ಕಂಪನಿ ತೆರೆದು ಆ ಹಳೆಯ ಆಟದ ಮೂಲ ಕೋಡ್‌ನ ಹಕ್ಕು ಕೊಂಡರು. 2008ರಲ್ಲಿ ‘ಐರೇಸಿಂಗ್’ ಎಂದು ಜನರ ಮುಂದೆ ಬಂದದ್ದು ಅದೇ ಕಂಪನಿ. ಮಾಡ್ ಲೋಕದವರ ಮೇಲೆ ಅದು ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ಆರೋಪ ಇಷ್ಟು: ಆಟದ ಮೂಲ ಪ್ರೋಗ್ರಾಂ ಫೈಲನ್ನೇ ತಿದ್ದಿ, ತಿದ್ದಿದ ಪ್ರತಿಯನ್ನು ಹಂಚಿದ್ದಾರೆ.

ಈ ವ್ಯಾಜ್ಯದ ಬಗ್ಗೆ ನನ್ನ ಅಭಿಪ್ರಾಯ ಎರಡು ತೆರನಾಗಿದೆ. ಕಾರನ್ನು ತಾನೇ ಬಿಡಿಸಿ ಸೇರಿಸುವುದು ಒಂದು ಕೆಲಸ. ಕಂಪನಿ ಬರೆದ ಪ್ರೋಗ್ರಾಂ ಫೈಲನ್ನು ತಿದ್ದಿ ಊರಿಗೆಲ್ಲ ಹಂಚುವುದು ಬೇರೆ ಕೆಲಸ. ಎರಡನೆಯದರಲ್ಲಿ ಕಂಪನಿಗೆ ಕೇಳುವ ಹಕ್ಕಿದೆ. ಆದರೆ ಅಂಗಡಿಯಲ್ಲಿ ಸಿಗದ, ಯಾರೂ ಮಾರದ ಆಟವೊಂದನ್ನು ಬದುಕಿಸಿಟ್ಟವರನ್ನೇ ಮೊದಲು ಕೋರ್ಟಿಗೆ ಎಳೆದದ್ದು ಘನತೆಯ ಕೆಲಸವಾಗಿರಲಿಲ್ಲ. ಅದರ ಫಲವೂ ಕೋರ್ಟಿನ ಹೊರಗೇ ಹೆಚ್ಚು ಕಂಡಿತು. ಯಾವುದು ತಪ್ಪು, ಯಾವುದು ಸರಿ ಎಂದು ಬಿಡಿಸಿ ತಿಳಿಯುವ ತಾಳ್ಮೆ ಯಾರಿಗಿದೆ? ನೋಟಿಸ್ ಎಂಬ ಮಾತು ಕಿವಿಗೆ ಬಿದ್ದೊಡನೆ ಹದಿನೇಳು ವರ್ಷದ ಹುಡುಗ ತನ್ನ ಸ್ವಂತ ಕೆಲಸವನ್ನೂ ಅಳಿಸಿಬಿಡುತ್ತಾನೆ.

ಒಂದು ರೇಸ್ ಕಾರಿನ ಮೇಲೆ ಎಷ್ಟು ಜನರ ಹಕ್ಕುಗಳು ಒಟ್ಟಿಗೆ ಕೂತಿವೆ ಎಂದು ನೋಡಿದರೆ ಅವನ ಭಯ ಅರ್ಥವಾಗುತ್ತದೆ. ಆಟದ ಕೋಡ್ ಒಬ್ಬರದು. ಕಾರಿನ ಹೆಸರೂ ಲಾಂಛನವೂ ತಯಾರಕರದು. ಮೈಮೇಲಿನ ಬಣ್ಣದ ವಿನ್ಯಾಸ ತಂಡದ್ದು, ಅದರ ಮೇಲಿನ ಪ್ರಾಯೋಜಕರ ಹೆಸರುಗಳು ಹತ್ತಾರು ಕಂಪನಿಗಳವು. ಚಾಂಪಿಯನ್‌ಶಿಪ್‌ನ ಹೆಸರು ಸಂಘಟಕರದು, ಟ್ರ್ಯಾಕ್‌ನ ಹೆಸರು ಅದರ ಮಾಲೀಕರದು, ಹೆಲ್ಮೆಟ್ಟಿನೊಳಗಿನ ಮುಖ ಚಾಲಕನದು. ಎಲ್ಲರ ಬಳಿಯೂ ಲಿಖಿತ ಒಪ್ಪಿಗೆ ಕೇಳಲು ಹೊರಟರೆ ಹುಡುಗನೊಬ್ಬನ ಜೀವಮಾನ ಸಾಲದು.

ಇದೆಲ್ಲ ಅಮೆರಿಕ, ಯುರೋಪಿನ ಮಾತು. ನಮ್ಮ ಕಾನೂನು ಏನು ಹೇಳುತ್ತದೆ? ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಬೆಳಗಾವಿಯಲ್ಲೋ ಬೀದರಿನಲ್ಲೋ ಕೂತು ಮಾಡ್ ಮಾಡುವ ಹುಡುಗ ಅಮೆರಿಕದ ಕಾಯ್ದೆಯ ಹೆಸರು ಕೇಳಿ ಹೆದರುತ್ತಾನೆ, ತನ್ನ ದೇಶದ್ದನ್ನು ಓದಿರುವುದಿಲ್ಲ.

ನಮ್ಮ ಕಾಪಿರೈಟ್ ಕಾಯ್ದೆ 1957ರದು. ಅದರ 14ನೇ ಕಲಂ ಕೃತಿಯನ್ನು ಮಾರ್ಪಡಿಸುವ ಹಕ್ಕನ್ನು ಅದರ ಹಕ್ಕುದಾರನಿಗೆ ಕೊಡುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಕೂಡ ಅದರೊಳಗೆ ಬರುತ್ತದೆ. ಇಲ್ಲಿಗೇ ನಿಂತರೆ ಎಲ್ಲ ಮಾಡರ್‌ಗಳೂ ಅಪರಾಧಿಗಳೇ. ಆದರೆ 1999ರ ತಿದ್ದುಪಡಿ 52ನೇ ಕಲಮಿಗೆ ಒಂದು ಸಾಲು ಸೇರಿಸಿತು. ಕಾನೂನುಬದ್ಧವಾಗಿ ಪಡೆದ ಸ್ವಂತ ಪ್ರತಿಯಿಂದ, ವ್ಯಾಪಾರವಲ್ಲದ ಸ್ವಂತ ಬಳಕೆಗೆ, ಪ್ರೋಗ್ರಾಮನ್ನು ನಕಲಿಸುವುದೂ ಮಾರ್ಪಡಿಸುವುದೂ ಉಲ್ಲಂಘನೆಯಲ್ಲ. ಅಂದರೆ ದುಡ್ಡು ಕೊಟ್ಟು ಕೊಂಡ ಆಟವನ್ನು ನಿಮ್ಮ ಮನೆಯಲ್ಲಿ ನಿಮಗಾಗಿ ತಿದ್ದಿಕೊಂಡರೆ ಅದು ನಿಮ್ಮ ಹಕ್ಕು. ಕಳ್ಳ ಸೀಡಿಯವನಿಗೆ ಈ ರಕ್ಷಣೆ ಇಲ್ಲ. ತಿದ್ದಿದ ಪ್ರೋಗ್ರಾಮನ್ನು ಹಂಚುವವನಿಗೂ ಇಲ್ಲ.

ಕಾರಿನ ಆಕಾರದ ಬಗ್ಗೆ ನಮ್ಮ ಕಾಯ್ದೆಯ 15ನೇ ಕಲಂ ಇನ್ನೂ ಕುತೂಹಲದ್ದು. ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವೊಂದನ್ನು ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕಾಪಿರೈಟ್ ಮುಗಿಯುತ್ತದೆ. ಡಿಸೈನ್ ನೋಂದಾಯಿಸಿದರೂ ಅದರ ಆಯುಷ್ಯ 10 ವರ್ಷ, ಮೇಲೆ 5 ವರ್ಷ ವಿಸ್ತರಣೆ. ಕಾರಿನ ಮೈಯ ಮೇಲೆ ಅರುವತ್ತು, ಎಪ್ಪತ್ತು ವರ್ಷದ ಒಡೆತನ ಎಂಬುದು ನಮ್ಮ ಕಾನೂನಿನಲ್ಲಿ ಅಷ್ಟು ಸುಲಭದ ವಾದವಲ್ಲ. ಟ್ರೇಡ್‌ಮಾರ್ಕ್ ಕಾಯ್ದೆ ಬೇರೆ. ಆದರೆ ಅದೂ ಉಲ್ಲಂಘನೆ ಎನ್ನುವುದಕ್ಕೆ ಮುಖ್ಯವಾಗಿ ವ್ಯಾಪಾರದ ಬಳಕೆಯನ್ನು ನೋಡುತ್ತದೆ.

ವ್ಯಾಪಾರವೇ, ಅಲ್ಲವೇ ಎಂಬ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದ ದೊಡ್ಡ ಪ್ರಕರಣ ಕರ್ನಾಟಕದ್ದೇ. ಅದು ಆಟದ್ದಲ್ಲ, ಯಕ್ಷಗಾನದ್ದು. ಶಿವರಾಮ ಕಾರಂತರು ಕರಾವಳಿಯ ಪರಂಪರೆಯ ಯಕ್ಷಗಾನವನ್ನು ತೆಗೆದುಕೊಂಡು, ಕಥೆ, ವೇಷ, ಸಂಗೀತ, ಕುಣಿತದಲ್ಲಿ ತಮ್ಮ ಮಾರ್ಪಾಡು ಮಾಡಿ ‘ಯಕ್ಷರಂಗ’ ಕಟ್ಟಿದರು. 1994ರ ಉಯಿಲಿನಲ್ಲಿ ಅದರ ಹಕ್ಕುಗಳನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಆ ರೂಪದ ‘ಅಭಿಮನ್ಯು ವಧೆ’ಯನ್ನು ದೆಹಲಿಯಲ್ಲಿ ಆಡಿಸಿದಾಗ ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಭೀಷ್ಮ ವಿಜಯ, ನಳ ದಮಯಂತಿ, ಪಂಚವಟಿ ಸೇರಿ ಏಳು ಪ್ರಸಂಗಗಳ ಪ್ರಶ್ನೆ. ಜಿಲ್ಲಾ ನ್ಯಾಯಾಲಯವೂ 2007ರಲ್ಲಿ ಹೈಕೋರ್ಟೂ ಅವರ ಪರ ನಿಂತವು. 2009ರ ಜನವರಿ 23ರಂದು ಸುಪ್ರೀಂ ಕೋರ್ಟ್ ಹಕ್ಕನ್ನು ಒಪ್ಪಿತು. ಜೊತೆಗೆ ಕೆಳ ನ್ಯಾಯಾಲಯದ ಆದೇಶವನ್ನು ತಿದ್ದಿತು. 52ನೇ ಕಲಂ ಕೊಡುವ ವಿನಾಯಿತಿಗಳನ್ನು ತಡೆಯಾಜ್ಞೆಯ ಹೆಸರಿನಲ್ಲಿ ಕಿತ್ತುಕೊಳ್ಳಬಾರದು ಎಂಬುದು ಆ ತಿದ್ದುಪಡಿಯ ತಿರುಳು. ಶಾಲೆಯ ಮಕ್ಕಳು ಪಾಠದ ಭಾಗವಾಗಿ ಆಡುವ, ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಆಡುವ ಅವಕಾಶ ಆ ವಿನಾಯಿತಿಗಳಲ್ಲಿದೆ.

ಈ ತೀರ್ಪಿನಲ್ಲಿ ಎರಡು ಸಂಗತಿ ಮಾಡರ್‌ಗಳಿಗೆ ನೇರ ಸಂಬಂಧಪಟ್ಟವು. ಹಳೆಯದರ ಮೇಲೆ ಕೆಲಸ ಮಾಡಿ ಹೊಸದು ಸೇರಿಸಿದವನ ಶ್ರಮಕ್ಕೂ ಹಕ್ಕುಂಟು ಎಂಬುದು ಒಂದು. ಆ ಹಕ್ಕು ಎಷ್ಟೇ ಗಟ್ಟಿಯಾಗಿದ್ದರೂ ದುಡ್ಡು ಮುಟ್ಟದ ಹವ್ಯಾಸಿಗೆ ಕಾಯ್ದೆ ಜಾಗ ಇಟ್ಟಿದೆ ಎಂಬುದು ಇನ್ನೊಂದು. ಹವ್ಯಾಸಿ ರಂಗಭೂಮಿಗೆ 1957ರಲ್ಲೇ ಕೊಟ್ಟ ಈ ಜಾಗವನ್ನು ಹವ್ಯಾಸಿ ಆಟಗಾರನಿಗೂ ಸಂಸತ್ತು ಸ್ಪಷ್ಟ ಮಾತಿನಲ್ಲಿ ಕೊಡಬೇಕು. 52ನೇ ಕಲಮಿನ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರೆ ಆಗುವ ಕೆಲಸ.

ಈಗ ಖಾನಾಪುರದ ಬಸ್‌ಸ್ಟ್ಯಾಂಡಿಗೆ ಬನ್ನಿ. ಕಾಲೇಜಿನ ಹುಡುಗರ ಮೊಬೈಲಿನಲ್ಲಿ ಓಡುವುದು ಫಾರ್ಮುಲಾ ಒನ್ ಕಾರಲ್ಲ, ಬಸ್ಸು. ಇಂಡೋನೇಷ್ಯಾದ ಮಾಲಿಯೊ ಕಂಪನಿ 2017ರಲ್ಲಿ ತಂದ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಆಟ, ಆಡುವವರು ತಮ್ಮದೇ ಬಸ್ಸು, ತಮ್ಮದೇ ಬಣ್ಣ ಹಾಕಿಕೊಳ್ಳಲು ಬಿಡುತ್ತದೆ. ಕೇರಳದ ಟೂರಿಸ್ಟ್ ಬಸ್ಸುಗಳು, ನಮ್ಮ ಐರಾವತ, ರಾಜಹಂಸ, ವಾಯವ್ಯ ಸಾರಿಗೆಯ ಬಸ್ಸುಗಳು ಅದರಲ್ಲಿ ಹೀಗೆಯೇ ಬಂದವು. ಬೆಳಗಾವಿಯಿಂದ ಖಾನಾಪುರಕ್ಕೆ ದಿನಾ ನಿಂತೇ ಬರುವ ಹುಡುಗ ಸಂಜೆ ಅದೇ ಬಸ್ಸಿನ ಸ್ಟಿಯರಿಂಗ್ ಹಿಡಿದು ಕೂರುತ್ತಾನೆ. ಬೋರ್ಡಿನ ಮೇಲೆ ಊರಿನ ಹೆಸರು ಕನ್ನಡದಲ್ಲಿ ಬರೆಯುತ್ತಾನೆ. ನಮ್ಮ ಲಿಪಿ ಆ ಆಟದೊಳಗೆ ಹೋದದ್ದು ಹಾಗೆ ಬರೆದ ಹುಡುಗರಿಂದ.

ಈ ಬಸ್ಸಿನ ಹೆಸರಿನ ಮೇಲೂ ದಾವೆ ನಡೆದಿದೆ. ಕೆಎಸ್‌ಆರ್‌ಟಿಸಿ ಎಂಬ ಹೆಸರು ಕೇರಳದ ನಿಗಮದಲ್ಲಿ 1965ರಿಂದ ಇದೆ, ಕರ್ನಾಟಕದಲ್ಲಿ 1973ರಿಂದ. ಕರ್ನಾಟಕ 2013ರಲ್ಲಿ ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಪಡೆಯಿತು, ಗಂಡಭೇರುಂಡ ಚಿತ್ರಕ್ಕೆ ಕಾಪಿರೈಟ್ ಪಡೆಯಿತು. ಕೇರಳ ತಕರಾರು ತೆಗೆಯಿತು. 2021ರಲ್ಲಿ ಹೆಸರು ಕೇರಳಕ್ಕೆ ಸೇರಿತೆಂದು ಸುದ್ದಿಯಾಯಿತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು, ಕರ್ನಾಟಕ ಹೆಸರು ಉಳಿಸಿಕೊಂಡಿತು. ಎರಡು ಸರ್ಕಾರಗಳು ಹೀಗೆ ಕಾದಾಡುತ್ತಿದ್ದಾಗ ಎರಡೂ ಕಡೆಯ ಹುಡುಗರು ಒಂದೇ ಆಟದಲ್ಲಿ ಎರಡೂ ಬಸ್ಸುಗಳನ್ನು ಓಡಿಸುತ್ತಿದ್ದರು. ಅವರನ್ನು ಹಾಗೇ ಬಿಟ್ಟುಬಿಡುವ ವಿವೇಕ ನಮ್ಮ ಸಾರಿಗೆ ನಿಗಮಗಳಿಗೆ ಮುಂದೆಯೂ ಇರಲಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಾಭಕ್ಕಲ್ಲದ ಆಟಗಳಲ್ಲಿ ನಮ್ಮ ಬಸ್ಸಿನ ಬಣ್ಣ, ಹೆಸರು ಬಳಸಬಹುದು ಎಂದು ನಿಗಮಗಳು ಒಂದು ಪುಟದ ಪ್ರಕಟಣೆ ಹೊರಡಿಸಲಿ.

ದುಡ್ಡಿನ ವಿಷಯದಲ್ಲಿ ಮಾಡ್ ಲೋಕವೂ ಪೂರ್ತಿ ಶುದ್ಧವಾಗಿ ಉಳಿದಿಲ್ಲ. ಇಟಲಿಯ ಕುನೋಸ್ ಸಂಸ್ಥೆಯ ‘ಅಸೆಟ್ಟೊ ಕೋರ್ಸಾ’ 2014ರ ಡಿಸೆಂಬರಿನಲ್ಲಿ ಪೂರ್ಣರೂಪದಲ್ಲಿ ಬಂದ ಮೇಲೆ ಮಾಡ್‌ಗಳ ಎರಡನೇ ಸುಗ್ಗಿ ಶುರುವಾಯಿತು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಕೂಡ ಅಭಿಮಾನಿಗಳ ಕೈಯಲ್ಲಿ ಅದರೊಳಗೆ ಬಂತು. ಈ ಸಲ ಹಣವೂ ಬಂತು. ರೇಸ್ ಸಿಮ್ ಸ್ಟುಡಿಯೋದಂಥ ಗುಂಪುಗಳು ನಿಜವಾದ ಹೆಸರು ಬಿಟ್ಟು, ಸ್ವಂತವಾಗಿ ಕಟ್ಟಿದ ಕಾರುಗಳಿಗೆ ಬೇರೆ ಹೆಸರಿಟ್ಟು ಬೆಲೆ ಇಟ್ಟು ಮಾರಿದವು. ಅದು ಮರ್ಯಾದೆಯ ದಾರಿ. ಇನ್ನು ಕೆಲವರು ಫೋರ್ಜಾದಂಥ ಆಟಗಳಿಂದ ಸಿದ್ಧ ಮಾದರಿಗಳನ್ನು ಕಿತ್ತು, ತಮ್ಮದೆಂದು ಹೇಳಿ ಮಾರಿದರು. ಇದಕ್ಕೆ ಅಭಿಮಾನ ಎಂಬ ಹೆಸರು ಕೊಡಲು ನಾನು ಒಪ್ಪುವುದಿಲ್ಲ. ಕಂಪನಿಯ ಕಲಾವಿದನೂ ತಿಂಗಳುಗಟ್ಟಲೆ ಕೂತೇ ಆ ಕಾರು ಬಿಡಿಸಿದ್ದು. ನೋಟಿಸ್‌ಗಳಿಗೆ ನ್ಯಾಯದ ಮುಖ ಕೊಟ್ಟದ್ದು ಈ ಕಿತ್ತು ಮಾರುವವರು. ಅದರ ಏಟು ತಿಂದವರು ಕಿತ್ತು ಮಾರದವರು.

2017ರ ಜೂನ್‌ನಲ್ಲಿ ಟೇಕ್-ಟು ಕಂಪನಿ ‘ಜಿಟಿಎ’ ಆಟಗಳ ಮಾಡ್‌ಗಳಿಗೆ ಆಧಾರವಾಗಿದ್ದ ‘ಓಪನ್ ಐವಿ’ ಎಂಬ ಸಾಧನವನ್ನು ವಕೀಲರ ಪತ್ರದಿಂದ ನಿಲ್ಲಿಸಿತು. ನಮ್ಮ ಸೈಬರ್ ಕೆಫೆಗಳಲ್ಲಿ ‘ವೈಸ್ ಸಿಟಿ’ ಆಡಿ ಬೆಳೆದವರಿಗೂ ಇದು ತಾಗಿತು. ಜಗತ್ತಿನಾದ್ಯಂತ ಆಡುವವರು ಆಟದ ಮಾರಾಟ ಪುಟದಲ್ಲಿ ಹತ್ತಾರು ಸಾವಿರ ಕೆಟ್ಟ ವಿಮರ್ಶೆ ಬರೆದರು. ಅದೇ ತಿಂಗಳಲ್ಲಿ ಕಂಪನಿ ತಗ್ಗಿತು: ಒಬ್ಬರೇ ಆಡುವ, ಲಾಭಕ್ಕಲ್ಲದ, ಬೇರೆಯವರ ಹಕ್ಕು ಮುಟ್ಟದ ಮಾಡ್‌ಗಳ ಮೇಲೆ ಸಾಮಾನ್ಯವಾಗಿ ಕ್ರಮ ಕೈಗೊಳ್ಳುವುದಿಲ್ಲ ಎಂದು ಲಿಖಿತ ಹೇಳಿಕೆ ಬಂತು. ಜನ ಒಟ್ಟಾಗಿ ಕೇಳಿದರೆ ಕಂಪನಿ ಬರೆದುಕೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆ ಹೇಳಿಕೆಯಲ್ಲೂ ನಿಜವಾದ ಕಾರುಗಳ ಹೆಸರಿನ ಪ್ರಶ್ನೆ ಬಗೆಹರಿಯಲಿಲ್ಲ.

2020ರ ಜೂನ್‌ನಲ್ಲಿ ಕೊರೊನಾ ಕಾರಣದಿಂದ ಲೆ ಮಾನ್ಸ್ 24 ಗಂಟೆ ರೇಸ್ ಮುಂದಕ್ಕೆ ಹೋದಾಗ ಅದರ ಸಂಘಟಕರು ಕಂಪ್ಯೂಟರಿನಲ್ಲಿ ರೇಸ್ ನಡೆಸಿದರು. ಬಳಸಿದ್ದು ‘ಆರ್‌ಫ್ಯಾಕ್ಟರ್ 2’. ಅಲೊನ್ಸೊ, ವೆರ್ಸ್ಟಪ್ಪನ್‌ರಂಥವರು ಅದರಲ್ಲಿ ಓಡಿಸಿದರು. ಮಾಡರ್‌ಗಳು ವರ್ಷಾನುವರ್ಷ ಬೆಳೆಸಿದ ಆಟದ ಮುಂದಿನ ಪೀಳಿಗೆಯೇ ಆಪತ್ತಿನಲ್ಲಿ ನಿಜವಾದ ರೇಸಿಗೆ ನೆರವಾಯಿತು. 2021ರ ಫೆಬ್ರುವರಿಯಲ್ಲಿ ಇಎ ಕೋಡ್‌ಮಾಸ್ಟರ್ಸನ್ನೇ ಕೊಂಡುಕೊಂಡಿತು. ಫಾರ್ಮುಲಾ ಒನ್ ಪರವಾನಗಿ 2003ರಲ್ಲಿ ಹೊರಟ ಮನೆಗೇ ಮರಳಿತು. ಹಕ್ಕು ಕೈ ಬದಲಾಯಿಸುತ್ತಲೇ ಇರುತ್ತದೆ. ಫೋರ್ಸ್ ಇಂಡಿಯಾ ತಂಡವೂ 2018ರಲ್ಲಿ ಸಾಲದಲ್ಲಿ ಮುಳುಗಿ ಬೇರೆಯವರ ಪಾಲಾಗಿ ಹೆಸರು ಕಳೆದುಕೊಂಡಿತು. ಅದರ ಮೊದಲ ಕಾರು ವಿಜೆಎಂ 01 ಇವತ್ತಿಗೂ ಓಡಿಸಲು ಸಿಗುವುದು ಅಭಿಮಾನಿಗಳು ಕಟ್ಟಿದ ಫೈಲುಗಳಲ್ಲಿ.

ಬೆಳಗಾವಿಯ, ಖಾನಾಪುರದ, ಎಲ್ಲ ಊರುಗಳ ಮಾಡರ್‌ಗಳಿಗೆ ಒಂದೆರಡು ಮಾತು. ಆಟವನ್ನು ಕೊಂಡೇ ಆಡಿ. ಕಾರನ್ನು ನೀವೇ ಬಿಡಿಸಿ. ಬಿಡಿಸಿದ ಹಂತಗಳ ಫೈಲುಗಳನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಇನ್ನೊಬ್ಬರ ಕೆಲಸ ಬಳಸಿದರೆ ಕೇಳಿ, ಹೆಸರು ಹಾಕಿ. ಬೇರೆಯವರ ಲಾಂಛನವಿದ್ದರೆ ದುಡ್ಡು ಮುಟ್ಟಬೇಡಿ. ಇಷ್ಟು ಮಾಡಿದ ಮೇಲೂ ಪತ್ರ ಬಂದರೆ ಅದೇ ರಾತ್ರಿ ಎಲ್ಲವನ್ನೂ ಅಳಿಸಬೇಡಿ. 2012ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆಯಲ್ಲಿ, ದೂರಿನ ಮೇಲೆ ತೆಗೆದ ಫೈಲಿಗೆ ತಡೆ 21 ದಿನ. ಅಷ್ಟರಲ್ಲಿ ದೂರುದಾರ ಕೋರ್ಟಿನ ಆದೇಶ ತರದಿದ್ದರೆ ಫೈಲನ್ನು ಮರಳಿ ಇಡಬಹುದು. ಮಕ್ಕಳಿಗೆ, ಅಂದರೆ 18 ತುಂಬದವರಿಗೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮನೆಯ ಆದಾಯ ಕೇಳದೆ ಉಚಿತ ವಕೀಲರ ನೆರವು ಸಿಗುತ್ತದೆ. ಪ್ರತಿ ಜಿಲ್ಲೆಯಲ್ಲೂ ಅದಕ್ಕೆಂದೇ ಪ್ರಾಧಿಕಾರವಿದೆ. ಕಾಪಿರೈಟ್ ಕಾಯ್ದೆಯ 60ನೇ ಕಲಂ ಬುಡವಿಲ್ಲದ ಬೆದರಿಕೆಗೆಂದೇ ಬರೆದದ್ದು. ಉಲ್ಲಂಘನೆ ಇಲ್ಲದಿದ್ದರೂ ಹೆದರಿಸಿದವನ ಮೇಲೆ ಹೆದರಿಸಿಕೊಂಡವನೇ ದಾವೆ ಹೂಡಬಹುದು, ಬೆದರಿಕೆ ನಿಲ್ಲಿಸುವ ಆದೇಶ ಕೇಳಬಹುದು, ಆದ ನಷ್ಟವನ್ನೂ ಕೇಳಬಹುದು. ಆ ಕಲಮನ್ನು ಮೊದಲು ಓದಿ, ಆಮೇಲೆ ಪತ್ರಕ್ಕೆ ಉತ್ತರ ಬರೆಯಿರಿ.